ತುರ್ತುಪರಿಸ್ಥಿತಿಯ ಕರ್ನಾಟಕದಲ್ಲಿ ವಕೀಲರು

1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರ ಸಹಿಯೊಂದಿಗೆ ಜಾರಿಗೆ ಬಂದ ತುರ್ತುಪರಿಸ್ಥಿತಿ 1977ರ ಮಾರ್ಚ್ 21ರವರೆಗೆ ನಡೆಯಿತು. ಈ ಇಪ್ಪತ್ತೊಂದು ತಿಂಗಳಲ್ಲಿ ಜೈಲು ಸೇರಿದವರ ಪರವಾಗಿ ವಾದಿಸಿದ ವಕೀಲರ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಎರಡು ಕಾರಣಗಳಿಂದ ಮುಖ್ಯ ಸ್ಥಾನವಿದೆ. ವಿರೋಧ ಪಕ್ಷಗಳ ನಾಲ್ವರು ಹಿರಿಯ ಸಂಸದರು ಬೆಂಗಳೂರಿನಲ್ಲಿಯೇ ಬಂಧಿತರಾದದ್ದರಿಂದ ಕರ್ನಾಟಕ ಹೈಕೋರ್ಟು ಈ ಕಾನೂನು ಹೋರಾಟದ ಆರಂಭದ ಕಣಗಳಲ್ಲೊಂದಾಯಿತು. ಆಗ ರಾಜ್ಯವನ್ನು ಆಳುತ್ತಿದ್ದವರು ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು. ಹಳ್ಳಿಗಳಲ್ಲಿ ಗೇಣಿದಾರನಿಗೆ ಭೂಮಿ ಕೊಡಿಸುತ್ತಿದ್ದ ಸರ್ಕಾರವೇ ಬೆಂಗಳೂರಿನ ಸೆರೆಮನೆಯಲ್ಲಿ ವಿಚಾರಣೆಯಿಲ್ಲದೆ ಜನರನ್ನು ಇಟ್ಟುಕೊಂಡಿತ್ತು. ಒಂದೇ ಆಡಳಿತದ ಈ ಎರಡು ಮುಖಗಳ ನಡುವೆ ವಕೀಲನ ಕೆಲಸ ಎಲ್ಲಿ ತಲುಪಿತು, ಎಲ್ಲಿ ತಲುಪಲಿಲ್ಲ ಎಂಬುದು ಆ ಕಾಲವನ್ನು ಅಳೆಯುವ ಒಂದು ಅಳತೆಗೋಲು.

ಬಂಧನದ ಕಾನೂನು

ತುರ್ತುಪರಿಸ್ಥಿತಿಗೆ ಹಿನ್ನೆಲೆಯಾದದ್ದೂ ಒಂದು ಕೋರ್ಟು ತೀರ್ಪೇ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆಯನ್ನು ಅಸಿಂಧುಗೊಳಿಸಿದರು. ಎದುರಾಳಿ ರಾಜ್‌ನಾರಾಯಣ್ ಅವರ ಪರ ವಾದಿಸಿ ಗೆದ್ದವರು ಶಾಂತಿಭೂಷಣ್. ಜೂನ್ 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತುಬದ್ಧ ತಡೆಯಾಜ್ಞೆ ಕೊಟ್ಟರು. ಮರುರಾತ್ರಿ ತುರ್ತುಪರಿಸ್ಥಿತಿ ಬಂತು.

ಸರ್ಕಾರದ ಕೈಯಲ್ಲಿದ್ದ ಮುಖ್ಯ ಅಸ್ತ್ರ 1971ರ ಆಂತರಿಕ ಭದ್ರತಾ ಪಾಲನಾ ಕಾಯ್ದೆ, ಜನರ ಬಾಯಲ್ಲಿ ‘ಮೀಸಾ’. ಇದರಡಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಪೊಲೀಸ್ ಕಮಿಷನರ್ ಸಹಿ ಹಾಕಿದ ಆದೇಶದ ಮೇಲೆ ಯಾರನ್ನಾದರೂ ವಿಚಾರಣೆಯಿಲ್ಲದೆ ಸೆರೆಯಲ್ಲಿಡಬಹುದಿತ್ತು. ಮೊದಲಿನ ಕಾಯ್ದೆಯಲ್ಲಿ ಬಂಧಿತನಿಗೆ ಕಾರಣ ತಿಳಿಸಬೇಕಿತ್ತು, ಸಲಹಾ ಮಂಡಳಿಯ ಮುಂದೆ ವಿಷಯ ಇಡಬೇಕಿತ್ತು. 1975ರ ಜೂನ್ 29ರ ಸುಗ್ರೀವಾಜ್ಞೆ 16ಎ ಎಂಬ ಹೊಸ ಸೆಕ್ಷನ್ ಸೇರಿಸಿತು. ತುರ್ತುಪರಿಸ್ಥಿತಿಯನ್ನು ನಿಭಾಯಿಸಲು ಬಂಧನ ಅಗತ್ಯ ಎಂದು ಅಧಿಕಾರಿ ಘೋಷಿಸಿದರೆ ಸಾಕು, ಕಾರಣ ಹೇಳಬೇಕಿಲ್ಲ. ಆ ಘೋಷಣೆಯನ್ನು 15 ದಿನಗಳೊಳಗೆ ಸರ್ಕಾರ ಪರಿಶೀಲಿಸಿ ದೃಢಪಡಿಸಬೇಕಿತ್ತು. ಹೀಗಾಗಿ ದೆಹಲಿಯ ಇಚ್ಛೆಗೆ ರಾಜ್ಯ ಸರ್ಕಾರದ ಮುದ್ರೆಯೂ ಬೀಳುತ್ತಿತ್ತು. ಜೂನ್ 27ರ ರಾಷ್ಟ್ರಪತಿ ಆದೇಶ ಸಂವಿಧಾನದ 14, 21 ಮತ್ತು 22ನೇ ವಿಧಿಗಳ ಹಕ್ಕನ್ನು ಕೇಳಿಕೊಂಡು ಕೋರ್ಟಿಗೆ ಹೋಗುವ ದಾರಿಯನ್ನೇ ತಡೆದಿತ್ತು.

ಎರಡನೆಯ ಅಸ್ತ್ರ ಭಾರತ ರಕ್ಷಣಾ ನಿಯಮಗಳು. ಸಭೆ ಸೇರಿದವರು, ಕರಪತ್ರ ಹಂಚಿದವರು, 1975ರ ನವೆಂಬರ್ 14ರಿಂದ ವಿರೋಧ ಪಕ್ಷಗಳ ಲೋಕ ಸಂಘರ್ಷ ಸಮಿತಿ ನಡೆಸಿದ ಸತ್ಯಾಗ್ರಹದಲ್ಲಿ ಕೂತವರು ಹೆಚ್ಚಾಗಿ ಈ ನಿಯಮಗಳಡಿ ಸಿಕ್ಕಿಬೀಳುತ್ತಿದ್ದರು. ಇವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿದ್ದರಿಂದ ವಕೀಲನಿಗೆ ಜಾಮೀನು ಕೇಳಲು ಅವಕಾಶವಿತ್ತು. ಆದರೆ ಜಾಮೀನು ಪಡೆದು ಹೊರಬಂದವನನ್ನು ಮತ್ತೆ ಮೀಸಾ ಅಡಿ ಹಿಡಿಯಲು ಅಡ್ಡಿಯಿರಲಿಲ್ಲ. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗದ ಲೆಕ್ಕದಂತೆ ದೇಶದಲ್ಲಿ ಮೀಸಾ ಅಡಿ 34,988 ಜನ, ರಕ್ಷಣಾ ನಿಯಮಗಳಡಿ 75,818 ಜನ ಬಂಧಿತರಾದರು. ಕರ್ನಾಟಕದ ಪಾಲು ಕ್ರಮವಾಗಿ 487 ಮತ್ತು 4,015. ಮೀಸಾ ಬಂಧನದಲ್ಲಿ ಮಧ್ಯಪ್ರದೇಶ, ಮಹಾರಾಷ್ಟ್ರಗಳ ಸಂಖ್ಯೆ ತಲಾ ಐದು ಸಾವಿರ ದಾಟಿತ್ತು. ಅವಕ್ಕೆ ಹೋಲಿಸಿದರೆ ಅರಸು ಸರ್ಕಾರದ ಕೈ ಬಿಗಿ ಕಡಿಮೆ ಎನ್ನಬಹುದು. ಒಳಗೆ ಇದ್ದವರಿಗೆ ಆ ಹೋಲಿಕೆಯಿಂದ ಪ್ರಯೋಜನವಿರಲಿಲ್ಲ.

ಬೆಂಗಳೂರಿನ ಅರ್ಜಿಗಳು

ಜೂನ್ 26ರ ಬೆಳಿಗ್ಗೆ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರಾ ಬೆಂಗಳೂರಿನಲ್ಲಿದ್ದರು. ಪಕ್ಷಾಂತರ ನಿಷೇಧ ಮಸೂದೆಯ ಜಂಟಿ ಸಂಸದೀಯ ಸಮಿತಿಯ ಸಭೆಗಾಗಿ ಬಂದಿದ್ದ ಅವರನ್ನು ಬಂಧಿಸಿ ನಗರದ ನಡುವಿನ ಕೇಂದ್ರ ಕಾರಾಗೃಹಕ್ಕೆ ಕಳಿಸಲಾಯಿತು. ರಾಜ್ಯದ ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ ಮೊದಲಾದ ವಿರೋಧ ಪಕ್ಷದ ನಾಯಕರೂ ಅದೇ ಸೆರೆಮನೆ ಸೇರಿದರು.

ಸಂಸದರ ಪರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. ಬಂಧಿತನನ್ನು ಕೋರ್ಟಿನ ಮುಂದೆ ತಂದು ಬಂಧನಕ್ಕೆ ಆಧಾರವೇನೆಂದು ಹೇಳಿ ಎಂದು ಕೇಳುವ ಅರ್ಜಿ ಇದು. ಈ ಕೆಲಸವನ್ನು ಬೆಂಗಳೂರಿನಲ್ಲಿ ಹೊತ್ತವರಲ್ಲಿ ಇಬ್ಬರ ಹೆಸರು ಮುಖ್ಯ. ಶಿವಮೊಗ್ಗ ಜಿಲ್ಲೆಯ ಎಂ. ರಾಮಾ ಜೋಯಿಸ್ ಒಬ್ಬರು, ಎನ್. ಸಂತೋಷ್ ಹೆಗ್ಡೆ ಇನ್ನೊಬ್ಬರು. ಹೆಗ್ಡೆಯವರ ಮನೆಗೆ ನ್ಯಾಯಾಂಗ ಮತ್ತು ಸರ್ಕಾರದ ಸಂಘರ್ಷ ಹೊಸದಾಗಿರಲಿಲ್ಲ. ಅವರ ತಂದೆ ಕೆ.ಎಸ್. ಹೆಗ್ಡೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. 1973ರ ಏಪ್ರಿಲ್‌ನಲ್ಲಿ ಹಿರಿತನವನ್ನು ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಶೇಲತ್ ಮತ್ತು ಗ್ರೋವರ್ ಅವರೊಂದಿಗೆ ರಾಜೀನಾಮೆ ಕೊಟ್ಟು ಹೊರಬಂದಿದ್ದರು. ಬಾಂಬೆ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ, ಶಾಂತಿಭೂಷಣ್ ಮುಂತಾದ ಹೊರಗಿನ ಹಿರಿಯರು ಬೆಂಗಳೂರಿನ ಈ ಪ್ರಕರಣಕ್ಕೆ ಹೆಗಲು ಕೊಟ್ಟರು.

ಮೊದಲ ಸುತ್ತಿನಲ್ಲಿಯೇ ಸರ್ಕಾರ ತನ್ನ ಚಾಲಾಕು ತೋರಿಸಿತು. ಜೂನ್ ಕೊನೆಯ ಆದೇಶಗಳು ಕೋರ್ಟಿನಲ್ಲಿ ನಿಲ್ಲುವುದು ಅನುಮಾನವಾಗಿದ್ದ ಹೊತ್ತಿಗೆ, ಜುಲೈ 17ರಂದು ಅವುಗಳನ್ನು ವಾಪಸು ಪಡೆದು ಸಂಸದರನ್ನು ಬಿಡುಗಡೆ ಮಾಡಲಾಯಿತು. ಜೈಲಿನ ಬಾಗಿಲಲ್ಲೇ ಹೊಸ ಆದೇಶದ ಮೇಲೆ ಮತ್ತೆ ಹಿಡಿಯಲಾಯಿತು. ಹಳೆಯ ಅರ್ಜಿಗೆ ಬುಡವಿಲ್ಲದಂತಾಯಿತು. ಕೆಲವರನ್ನು ಹರಿಯಾಣದ ರೋಹ್ತಕ್ ಜೈಲಿಗೆ ಸಾಗಿಸಿ, ಮುಂದೆ ಬೆಂಗಳೂರಿಗೆ ಕರೆತರಲಾಯಿತು. ವಕೀಲರು ಹೊಸ ಆದೇಶಗಳ ಮೇಲೆ ಹೊಸ ಅರ್ಜಿಗಳನ್ನು ಬರೆದರು.

ಸರ್ಕಾರದ ಪ್ರಾಥಮಿಕ ಆಕ್ಷೇಪ ನೇರವಾಗಿತ್ತು. 21ನೇ ವಿಧಿಯ ಜಾರಿಯೇ ಅಮಾನತಿನಲ್ಲಿರುವಾಗ ಅರ್ಜಿದಾರನಿಗೆ ಕೋರ್ಟಿಗೆ ಬರುವ ಹಕ್ಕೇ ಇಲ್ಲ, ಆದ್ದರಿಂದ ಅರ್ಜಿಯ ಒಳಗನ್ನು ನೋಡುವ ಪ್ರಶ್ನೆಯೇ ಏಳದು. ವಕೀಲರ ಉತ್ತರ ಎರಡು ಹೆಜ್ಜೆಯದು. ವ್ಯಕ್ತಿಸ್ವಾತಂತ್ರ್ಯ ಸಂವಿಧಾನದ ಒಂದು ವಿಧಿಯಿಂದ ಹುಟ್ಟಿದ್ದಲ್ಲ, ಸಂವಿಧಾನಕ್ಕೂ ಮುಂಚಿನಿಂದ ಕಾನೂನಿನ ಆಳ್ವಿಕೆಯಲ್ಲಿಯೇ ಅಡಗಿರುವಂಥದ್ದು. ಅದನ್ನು ಒಪ್ಪದಿದ್ದರೂ ಅಧಿಕಾರಿ ಮೀಸಾ ಕಾಯ್ದೆಯ ಮಿತಿಯನ್ನಾದರೂ ಪಾಲಿಸಬೇಕು. ಸರಿಯಾದ ಅಧಿಕಾರಿ ಸಹಿ ಹಾಕಿದ್ದಾನೆಯೇ, ಹಿಡಿದವನು ಆದೇಶದಲ್ಲಿ ಹೆಸರಿಸಿದ ವ್ಯಕ್ತಿಯೇ, ವೈಯಕ್ತಿಕ ದ್ವೇಷದಿಂದ ಆದೇಶ ಹೊರಟಿದೆಯೇ ಎಂಬಷ್ಟನ್ನು ನೋಡಲು ಮೂಲಭೂತ ಹಕ್ಕಿನ ಆಸರೆ ಬೇಕಿಲ್ಲ. ಹಕ್ಕುಗಳ ದೊಡ್ಡ ಮಾತು ಸೋತರೂ ಕಾಗದಪತ್ರಗಳ ಸಣ್ಣ ಮಾತು ಉಳಿಯಲಿ ಎಂಬುದು ಈ ವಾದದ ಜಾಣ್ಮೆ. ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಅರ್ಜಿಗಳನ್ನು ಕೇಳಬಹುದು ಎಂಬ ನಿಲುವು ತಳೆದವು. ಕೇಂದ್ರ ಮತ್ತು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದವು.

1976ರ ಏಪ್ರಿಲ್ 28

ಮೇಲ್ಮನವಿಗಳೆಲ್ಲ ಸೇರಿ ‘ಜಬಲ್‌ಪುರದ ಎಡಿಎಂ ವಿರುದ್ಧ ಶಿವಕಾಂತ್ ಶುಕ್ಲಾ’ ಎಂಬ ಹೆಸರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದವು. ಬೆಂಗಳೂರಿನ ಸಂಸದರ ಪ್ರಕರಣವೂ ಅದರೊಳಗಿತ್ತು. ಶಾಂತಿಭೂಷಣ್, ವಿ.ಎಂ. ತಾರ್ಕುಂಡೆ, ಸೋಲಿ ಸೊರಾಬ್ಜಿ ಮೊದಲಾದವರು ಬಂಧಿತರ ಪರ ನಿಂತರು. ಕೊಲೆಗೂ ಸರ್ಕಾರದ ಈ ವಾದ ಅನ್ವಯಿಸುವುದೇ ಎಂಬ ಅರ್ಥದ ಪ್ರಶ್ನೆಯನ್ನು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಕೇಳಿದರು. ಪೊಲೀಸ್ ಅಧಿಕಾರಿ ದ್ವೇಷದಿಂದ ಒಬ್ಬನನ್ನು ಕೊಂದರೂ ತುರ್ತುಪರಿಸ್ಥಿತಿ ಇರುವವರೆಗೆ ಕೋರ್ಟಿನಲ್ಲಿ ಪರಿಹಾರವಿಲ್ಲ ಎಂದು ಡೇ ಒಪ್ಪಿಕೊಂಡರು. ವಕೀಲರು ಹೊರತೆಗೆಯಬೇಕೆಂದಿದ್ದ ಸತ್ಯ ಸರ್ಕಾರದ ಬಾಯಿಂದಲೇ ದಾಖಲೆಗೆ ಬಂತು.

ತೀರ್ಪು ಮಾತ್ರ ಸರ್ಕಾರದ ಕಡೆಗಾಯಿತು. ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್ ಮತ್ತು ಪಿ.ಎನ್. ಭಗವತಿ ಅರ್ಜಿದಾರರಿಗೆ ಕೋರ್ಟಿನ ಬಾಗಿಲು ಮುಚ್ಚಿದರು. ಖನ್ನಾ ಒಬ್ಬರೇ ಭಿನ್ನಮತ ಬರೆದರು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಬದಿಗಿಟ್ಟು ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

ತೆತ್ತ ಬೆಲೆ

ವಾದಿಸಿದವರಿಗೂ ಆಲಿಸಿದವರಿಗೂ ಅದರ ಬಿಸಿ ತಟ್ಟಿತು. ರಾಮಾ ಜೋಯಿಸ್ ಸ್ವತಃ ಬಂಧಿತರಾಗಿ, ತಮ್ಮ ಕಕ್ಷಿದಾರರಿದ್ದ ಬೆಂಗಳೂರಿನ ಸೆರೆಮನೆಯನ್ನೇ ಸೇರಿದರು. 1976ರಲ್ಲಿ ಕೇಂದ್ರ ಸರ್ಕಾರ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಅವರ ಒಪ್ಪಿಗೆಯಿಲ್ಲದೆ ಬೇರೆ ರಾಜ್ಯಗಳಿಗೆ ವರ್ಗ ಮಾಡಿತು. ಬಂಧಿತರ ಪರ ತೀರ್ಮಾನ ಕೊಟ್ಟವರು ಅವರಲ್ಲಿದ್ದುದರಿಂದ ಈ ವರ್ಗಾವಣೆಗಳನ್ನು ವಕೀಲ ಸಮುದಾಯ ಶಿಕ್ಷೆಯೆಂದೇ ಕಂಡಿತು. ಕರ್ನಾಟಕದಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಗುವಾಹಟಿಗೆ ಹೋಗಬೇಕಾಯಿತು.

ಕೋರ್ಟಿನ ಕಣ್ಣು ಮುಚ್ಚಿದ ಮೇಲೆ ಸೆರೆಮನೆಯೊಳಗೆ ಏನಾಗಬಹುದು ಎಂಬುದಕ್ಕೆ ಬೆಂಗಳೂರಿನ ಎರಡು ಪ್ರಕರಣಗಳು ಸಾಕ್ಷಿ. ಏಪ್ರಿಲ್ 28ರ ತೀರ್ಪು ಬಂದು ಮೂರು ದಿನವಾಗಿತ್ತು. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಸುಳಿವಿಗಾಗಿ ಪೊಲೀಸರು ಮೇ 1ರಂದು ಅವರ ತಮ್ಮ ಲಾರೆನ್ಸ್ ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಮಗನ ಸ್ಥಿತಿಯನ್ನು ವಿವರಿಸಿ ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಮರುದಿನ, ಮೇ 2ರಂದು, ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿ ಬಂಧನಕ್ಕೊಳಗಾದರು. ಉಬ್ಬಸದ ರೋಗಿಯಾಗಿದ್ದ ಅವರನ್ನು ಎಂಟು ತಿಂಗಳು ಬೆಂಗಳೂರು ಸೆರೆಮನೆಯಲ್ಲಿ ಇಡಲಾಯಿತು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದವರು ಜನವರಿ 20ರಂದು ತೀರಿಕೊಂಡರು.

ಹುಣಸೂರಿನ ಕಡೆಯ ನೋಟ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ರೈತನಿಗೆ ಆ ವರ್ಷಗಳ ದೊಡ್ಡ ಸುದ್ದಿ ಹೇಬಿಯಸ್ ಕಾರ್ಪಸ್ ಆಗಿರಲಿಲ್ಲ, ‘ಡಿಕ್ಲರೇಷನ್’, ಅಂದರೆ ಗೇಣಿ ಜಮೀನಿನ ಹಕ್ಕು ಕೇಳುವ ಅರ್ಜಿ, ಆಗಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಗೇಣಿ ಜಮೀನನ್ನು ಸರ್ಕಾರಕ್ಕೆ ಸೇರಿಸಿ, ಉಳುತ್ತಿದ್ದವನಿಗೆ ಅಧಿಭೋಗದ ಹಕ್ಕು ಕೊಡುವ ದಾರಿ ತೆರೆಯಿತು. ಅರ್ಜಿ ತೀರ್ಮಾನಿಸಲು ತಾಲ್ಲೂಕು ತಾಲ್ಲೂಕಿಗೆ ಭೂ ನ್ಯಾಯಮಂಡಳಿಗಳು ಬಂದವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ರಾಜ್ಯದಲ್ಲಿ ಸಲ್ಲಿಕೆಯಾದ ಅರ್ಜಿಗಳು 8 ಲಕ್ಷಕ್ಕೂ ಹೆಚ್ಚು.

ಈ ಮಂಡಳಿಗಳಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಕಾಯ್ದೆಯ 48ನೇ ಸೆಕ್ಷನ್ನಿನ 8ನೇ ಉಪಖಂಡ ಅದನ್ನು ಸ್ಪಷ್ಟವಾಗಿ ನಿಷೇಧಿಸಿತ್ತು. ಅದರ ಹಿಂದೆ ತರ್ಕವಿಲ್ಲದಿರಲಿಲ್ಲ. ಪೇಟೆಯ ವಕೀಲನಿಗೆ ಫೀಸು ಕೊಡುವ ಶಕ್ತಿ ಜಮೀನ್ದಾರನಿಗಿತ್ತು, ಒಕ್ಕಲಿಗಿರಲಿಲ್ಲ. ವಾಯಿದೆಯ ಮೇಲೆ ವಾಯಿದೆ ಪಡೆದು ಬಡವನನ್ನು ದಣಿಸುವ ಕೋರ್ಟು ಕಟ್ಟೆಯ ಅನುಭವ ಹಳ್ಳಿಗಳಿಗೆ ಚೆನ್ನಾಗಿಯೇ ಇತ್ತು. ಗೇಣಿದಾರ ತಾನೇ ನಿಂತು ಮಾತಾಡಲಿ, ಊರಿನ ಸಾಕ್ಷಿಯ ಮೇಲೆ ಬೇಗ ಇತ್ಯರ್ಥವಾಗಲಿ ಎಂಬುದು ಉದ್ದೇಶ. ಆದರೆ ಮಂಡಳಿಯ ಸದಸ್ಯರನ್ನು ನೇಮಿಸುತ್ತಿದ್ದುದು ಆಳುವ ಪಕ್ಷದ ಸರ್ಕಾರ. ಮೊದಲ ವರ್ಷಗಳಲ್ಲಿ ಮಂಡಳಿಯ ತೀರ್ಮಾನದ ಮೇಲೆ ಮೇಲ್ಮನವಿಯೂ ಇರಲಿಲ್ಲ. ಸೋತವನು ಗೇಣಿದಾರನಾಗಲಿ, ಎರಡೆಕರೆಯ ವಿಧವೆಯಾಗಲಿ, ಬೆಂಗಳೂರಿನ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಿತ್ತು. ಅಲ್ಲಿಗೆ ಹೋಗಲು ಮತ್ತೆ ವಕೀಲನೇ ಬೇಕು, ದುಡ್ಡೂ ಬೇಕು. 1987ರಲ್ಲಿ ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭೂಸುಧಾರಣೆಯ ತಿರುಳನ್ನು ಎತ್ತಿಹಿಡಿದು ವಕೀಲರ ಮೇಲಿನ ನಿಷೇಧವನ್ನು ಮಾತ್ರ ತೆಗೆದುಹಾಕಿತು. ವಕೀಲ ವೃತ್ತಿಯ ಹಕ್ಕು ಕೇಂದ್ರದ ಕಾಯ್ದೆಗೆ ಸೇರಿದ್ದು, ರಾಜ್ಯ ಶಾಸನಸಭೆ ಅದನ್ನು ಕತ್ತರಿಸಲಾಗದು ಎಂಬುದು ಕಾರಣ.

ಇದೇ ಅವಧಿಯಲ್ಲಿ, 1975ರ ಅಕ್ಟೋಬರ್‌ನಲ್ಲಿ, ಕೇಂದ್ರದ ಸುಗ್ರೀವಾಜ್ಞೆ ಜೀತಪದ್ಧತಿಯನ್ನು ಕಾನೂನಿನಲ್ಲಿ ಕೊನೆಗಾಣಿಸಿತು. ಸ್ವಾತಂತ್ರ್ಯವನ್ನು ಕಿತ್ತುಕೊಂಡ ಆಡಳಿತವೇ ಜೀತದಾಳಿಗೆ ಕಾಗದದ ಮೇಲೆ ಬಿಡುಗಡೆ ಕೊಟ್ಟಿತು. 1977ರ ಮಾರ್ಚಿನ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಗೆದ್ದದ್ದರ ಹಿಂದೆ ಅರಸು ಸುಧಾರಣೆಗಳ ಬಲವೂ ಇತ್ತು. ಉಳಿದ ಎರಡರಲ್ಲಿ ಬೆಂಗಳೂರು ದಕ್ಷಿಣ ಒಂದು. ಅಲ್ಲಿ ಜನತಾ ಪಕ್ಷದಿಂದ ಗೆದ್ದವರು ಕೆ.ಎಸ್. ಹೆಗ್ಡೆ. ಅವರು ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. ಅರಸು ಆಡಳಿತದ ಮೇಲಿನ ಆರೋಪಗಳ ತನಿಖೆಗೆ ಕೇಂದ್ರ ನೇಮಿಸಿದ ಆಯೋಗಕ್ಕೆ ಮುಖ್ಯಸ್ಥರಾದವರು ಹೆಗ್ಡೆಯವರ ಜೊತೆ ರಾಜೀನಾಮೆ ಕೊಟ್ಟಿದ್ದ ಎ.ಎನ್. ಗ್ರೋವರ್.

ಸೋತ ಅರ್ಜಿಗಳ ಫಲ

ಬಂಧಿತರನ್ನು ಬಿಡಿಸಿದ್ದು ಕೋರ್ಟಿನ ಆದೇಶವಲ್ಲ, ಚುನಾವಣೆಯ ಘೋಷಣೆ. ಆಡ್ವಾಣಿ ಬೆಂಗಳೂರಿನಿಂದ ಹೊರಬಂದದ್ದು ಚುನಾವಣೆ ಪ್ರಕಟವಾದ 1977ರ ಜನವರಿ 18ರಂದು. ಆದರೆ ಅರ್ಜಿಗಳು ವ್ಯರ್ಥವಾಗಲಿಲ್ಲ. ಚಿಲಿ ದೇಶದಲ್ಲಿ 1973ರ ಸೇನಾ ದಂಗೆಯ ನಂತರ ಚರ್ಚಿನ ಆಶ್ರಯದಲ್ಲಿ ಕೆಲಸ ಮಾಡಿದ ವಕೀಲರು ಇಂಥದ್ದೇ ಸಾವಿರಾರು ಅರ್ಜಿ ಹಾಕಿದರು, ಬಹುಪಾಲು ವಜಾ ಆದವು. 1990ರಲ್ಲಿ ಅಲ್ಲಿ ಸತ್ಯಶೋಧನಾ ಆಯೋಗ ಕೂತಾಗ ಕಾಣೆಯಾದವರ ಬಗ್ಗೆ ಆ ಕಡತಗಳು ಮುಖ್ಯ ಆಧಾರವಾದವು. ಭಾರತದಲ್ಲಿ ಸರ್ಕಾರ ಬೇಗ ಬದಲಾಯಿತು, ಶಾ ಆಯೋಗ 1977ರ ಮೇ ತಿಂಗಳಲ್ಲೇ ರಚನೆಯಾಯಿತು. ಅರ್ಜಿ, ಪ್ರಮಾಣಪತ್ರ, ಸರ್ಕಾರದ ಉತ್ತರಗಳಲ್ಲಿ ಯಾರು ಸಹಿ ಹಾಕಿದರು, ಯಾವ ದಿನ, ಏನು ಹೇಳಿ ಎಂಬುದೆಲ್ಲ ಬರಹದಲ್ಲಿ ಉಳಿದಿತ್ತು.

ಸಂವಿಧಾನದಲ್ಲಿಯೂ ತಿದ್ದುಪಡಿಯಾಯಿತು. 1978ರ 44ನೇ ತಿದ್ದುಪಡಿ, ತುರ್ತುಪರಿಸ್ಥಿತಿಯಲ್ಲಿ ಕೂಡ 20 ಮತ್ತು 21ನೇ ವಿಧಿಗಳ ಜಾರಿಯನ್ನು ಅಮಾನತಿನಲ್ಲಿಡುವಂತಿಲ್ಲ ಎಂದಿತು. ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಕಾರಣವನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬಿಗಿ ಮಾಡಿತು. ಮೀಸಾ ರದ್ದಾಯಿತು. ಡಿ.ಎಂ. ಚಂದ್ರಶೇಖರ್ 1978ರಲ್ಲಿ ಕರ್ನಾಟಕಕ್ಕೆ ಮುಖ್ಯ ನ್ಯಾಯಮೂರ್ತಿಯಾಗಿ ಮರಳಿದರು. ರಾಮಾ ಜೋಯಿಸ್ 1977ರಲ್ಲಿ ಅದೇ ಹೈಕೋರ್ಟಿನ ನ್ಯಾಯಮೂರ್ತಿಯಾದರು, ಮುಂದೆ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಸಂತೋಷ್ ಹೆಗ್ಡೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ನಿವೃತ್ತಿಯ ನಂತರ ಕರ್ನಾಟಕದ ಲೋಕಾಯುಕ್ತರಾಗಿ ಕೆಲಸ ಮಾಡಿದರು.

ಎಡಿಎಂ ಜಬಲ್‌ಪುರ ತೀರ್ಪನ್ನು ಸುಪ್ರೀಂ ಕೋರ್ಟು ಔಪಚಾರಿಕವಾಗಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಅದರ ಅರ್ಜಿದಾರರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪನ್ನು ರದ್ದುಮಾಡಿದ ಅಭಿಪ್ರಾಯ ಬರೆದವರು ಡಿ.ವೈ. ಚಂದ್ರಚೂಡ್, 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡ್ ಅವರ ಮಗ.

ತಾಲ್ಲೂಕಿಗೆ ಬಂದ ಕಾನೂನು

1975–77ರ ವಕೀಲಿಕೆ ಹೆಸರಿದ್ದವರ ಬಳಿಗೆ ಬೇಗ ತಲುಪಿತ್ತು. ಸಂಸದನ ಅರ್ಜಿಗೆ ದೇಶದ ದೊಡ್ಡ ವಕೀಲರು ಬಂದರು. ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ನಾಗರಹೊಳೆಯಿಂದ ಹೊರಬಿದ್ದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳ ಅಹವಾಲು ಕೋರ್ಟು ಮುಟ್ಟಲು ದಶಕಗಳೇ ಹಿಡಿದವು. 1997ರಲ್ಲಿ ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯ ಅರ್ಜಿಯ ಮೇಲೆ ಹೈಕೋರ್ಟು ಕಾಡಿನೊಳಗಿನ ಖಾಸಗಿ ಹೋಟೆಲ್ ಯೋಜನೆಯನ್ನು ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು ತಡೆಯಿತು. 1999ರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮುಂದುವರಿಕೆಯಾಗಿ ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ, 3,418 ಕುಟುಂಬಗಳು ನೆಲೆ ಕಳೆದುಕೊಂಡಿವೆ ಎಂದು 2014ರಲ್ಲಿ ವರದಿ ಕೊಟ್ಟಿತು.

ಇಂಥವರಿಗೆ ವಕೀಲನನ್ನು ಒದಗಿಸುವ ಸಾಂವಿಧಾನಿಕ ಹೊಣೆ ಬರೆಯಲ್ಪಟ್ಟದ್ದು ತುರ್ತುಪರಿಸ್ಥಿತಿಯಲ್ಲಿಯೇ. ಹೈಕೋರ್ಟುಗಳ ಅಧಿಕಾರವನ್ನು ಮೊಟಕುಗೊಳಿಸಿದ 1976ರ 42ನೇ ತಿದ್ದುಪಡಿ, ಬಡವರಿಗೆ ಉಚಿತ ಕಾನೂನು ನೆರವು ನೀಡಬೇಕೆಂಬ 39ಎ ವಿಧಿಯನ್ನೂ ಸೇರಿಸಿತ್ತು. ಅದಕ್ಕೆ ಕೈಕಾಲು ಬಂದದ್ದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಯಾದಾಗ. ಅದರಂತೆ ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ವರಮಾನದ ಮಿತಿಯಿಲ್ಲದೆ ಅಲ್ಲಿ ಉಚಿತವಾಗಿ ವಕೀಲರನ್ನು ಕೇಳಬಹುದು. ತುರ್ತುಪರಿಸ್ಥಿತಿಯಲ್ಲಿ ಕೆಲವರ ಸಾಹಸವಾಗಿದ್ದ ಕೆಲಸ ಹೀಗೆ ಕಾನೂನಿನಲ್ಲಿ ಸರ್ಕಾರದ ಕರ್ತವ್ಯವಾಯಿತು.